ಸಂಗ್ರಹಿಸಲಾಯಿತು

ಪೇಪರು ಇಂಗ್ಲಿಷಿನೊಳಗ. ಸುಗಲಾ ಕನ್ನಡ ಮಾಡಿ ಓದಿದಳು:
"ಎಲೆಗಳನ್ನು ಸೋಲಾಪುರದ ಸುತ್ತಮುತ್ತ ಸಂಗ್ರಹಿಸಲಾಯಿತು.
ತೊಳೆಯಲಾಯಿತು. ಕುದಿಸಲಾಯಿತು. ಸೋಸಲಾಯಿತು."
ಯಾರು, ಅಂದೆ.
ಪೇಪರಿನ್ಯಾಗ ಯಾರೂ ಇರಂಗಿಲ್ಲ ಕಾಕಾ,
ಮ್ಯಾಡಂ ಸುದ್ದಾ ಹೆಸರಿನ ಸಾಲಿನ್ಯಾಗ ಅಷ್ಟ ಅದಾರ,
ಕೆಲಸದಾಗ ಇಲ್ಲ.

ಸುಳ್ಳಲ್ಲ ಬಿಡು.
ಬಂದಾದ ಗಿರಣಿ ಗ್ವಾಡಿ ಹಿಂದ
ತುಕ್ಕು ಹಿಡಿದ ಹಳಿಯ ಕಲ್ಲಸಂದಿಗೆ
ಈ ಗಿಡ ತಾನ ಹುಟ್ಟಿದ್ದು. ಯಾರೂ ಹಚ್ಚಿಲ್ಲ.
ನಮ್ಮವ್ವ ಗಬ್ಬುಶಾವಂತಿ ಅಂತಿದ್ದಳು,
ಓಣಿಯ ಮರಾಠಿ ಮಂದಿ ದಗಡಿಪಾಲಾ,
ಮಗ್ಗದ ಲಚ್ಚಮ್ಮ ಯೆಮುಲ ಗಡ್ಡಿಚಾಮಂತಿ.
ಮೂರು ಹೆಸರಿಗೂ ಅದು ಓ ಅನ್ನಲಿಲ್ಲ.
ಲ್ಯಾಬಿನೊಳಗ ನಾಕನೇದ್ದು ಇಟ್ಟರು, ಲ್ಯಾಟಿನ್ನಿನ್ದು.
ಅದಕ್ಕೂ ಹಂಗ,
ಉದ್ದನ್ನ ಕಡ್ಡಿ ತುದಿಗೆ ಒಂದು ಹಳದಿ ಬೊಟ್ಟು ಹಿಡಕೊಂಡು ನಿಂತದ.

ಹಸಿರು ವಿಧಾನ ಅಂತಾರ ಇದಕ್ಕ.
ಎಲಿ ಕುದಿಸಿದ ನೀರು ಹಾಲಿಲ್ಲದ ಚಾದಂಗ,
ಸತುವಿನ ಉಪ್ಪಿನ ನೀರು ಏನೂ ಇಲ್ಲದಂಗ ತಿಳಿ.
ಎರಡೂ ಕೂಡಿ ಬಿಸಿಯಾದಾಗ
ಬೀಕರಿನೊಳಗ ಮೋಡ ಕವೀತದ.
ಚುಂಬಕದ ಕಡ್ಡಿ ತಿರುಗತಿರತದ, ತಿರುಗತಿರತದ,
ನಾ ಸ್ಟೂಲಿನ ಮ್ಯಾಲ ತೂಕಡಸತಿರತೀನಿ.
ಆಮ್ಯಾಲ ನಾನೂರು ಡಿಗ್ರಿ ಕುಲಮಿ.
ಎಲಿಯ ಋಣ ಅಲ್ಲೇ ಸುಟ್ಟು ತೀರತದ.
ಹೊರಗ ಬರೂದು ಬಿಳೇ ಹುಡಿ,
ಇಬತ್ತಿಗಿಂತ ಸಣ್ಣ, ಉಸಿರು ಬಿಟ್ಟರ ಹಾರೂವಂಥಾದ್ದು.
ಹಸಿರು ಎಲ್ಲಿ ಹೋತು ಅಂತ ಕೇಳಿದ್ದೆ ಒಮ್ಮೆ.
ಸುಗಲಾ ನಕ್ಕಳು.

ಶ್ರಾವಣದಾಗ ಮೂರು ಸಲ ಕೆಟ್ಟಿತು.
ಪುಣೆಯ ದೊಡ್ಡ ಮಷೀನಿನಿಂದ ಬಂದ ಫೋಟೋದೊಳಗ
ಕಣಕ್ಕ ಕಣ ಅಂಟಿ, ಗಂಟು ಬಿದ್ದ ಉಪ್ಪಿಟ್ಟು.
ವೃಷಾಲಿ ಮ್ಯಾಡಂ ಉಪ್ಪು ಬದಲಿಸಿದರು, ತಾಪ ಬದಲಿಸಿದರು,
ನಾ ತೊಳೆದ ಬೀಕರನ್ನು ಬೆಳಕಿಗೆ ಹಿಡಿದು ನೋಡಿದರು.
ಅದೊಂದು ಮನಸಿಗೆ ಹತ್ತಿತು. ಅಂದೆ:
ಮ್ಯಾಡಂ, ಆ ಮೂರೂ ಸಲ ಎಲಿ ನಾ ತಂದಿಲ್ಲ.
ಹುಡುಗರು ಹಾಸ್ಟೇಲಿನ ನಳದ ಬುಡದ್ದು ಹರಕೊಂಡು ಬಂದಾರ.
ನೀರುಂಡ ಎಲಿ, ಹಿಸುಕಿದರ ಬರೇ ನೀರು.
ಹಳಿಯ ಮ್ಯಾಲಿಂದು ಬಿಸಿಲಿಗೆ ಹಲ್ಲು ಕಚ್ಚಿ ಬೆಳದದ್ದು,
ಮುಟ್ಟಿದರ ಗಬ್ಬ ಅಂತದ,
ಕಸುವು ಆ ಗಬ್ಬಿನೊಳಗ.
ಭಾಳೊತ್ತು ನೋಡಿದರು. ನೋಟಬುಕ್ಕಿನ್ಯಾಗ ಬರಕೊಂಡರು.
ಮುಂದಿನ ಸಲ ಕಣ ಬಿಡಿ ಬಿಡಿಯಾಗಿ ಬಂತು.
ಪೇಪರಿನ್ಯಾಗ ಅದು "ಸುತ್ತಮುತ್ತ" ಆತು.

ರೋಗದ ಹುಳ ಬೆಳೆಸಿದ ಗಾಜಿನ ತಾಟು.
ಮಸರಿನಂಗ ಹಬ್ಬಿದ್ದವು ತುಂಬ,
ಹುಡಿ ಬಿಟ್ಟ ಕುಣಿಯ ಸುತ್ತ ಮಾತ್ರ ದುಂಡನ್ನ ಬಯಲು,
ಹದಿನೇಳು ಮಿಲಿಮೀಟರು.
ಸ್ಕೇಲು ಹಿಡಿದ ಸುಗಲಾನ ಕೈ ನಡಗತಿತ್ತು.

ಗಾಯದ ಪಟ್ಟಿಗೆ ಇದನ್ನ ಹಚ್ಚೂದದ ಅಂತ
ತೆಳು ಅರಿವಿ ನೇಯಾಕ ಲಚ್ಚಮ್ಮಗ ಹೇಳಿದ್ದರು.
ಕೊಡಾಕ ಬಂದಾಗ ಆಕಿ ಬೆರಳು ಲಾಳಿಗೆ ಸಿಕ್ಕು ಸೀಳಿತ್ತು.
ಒಂದು ಚಿಟಿಕಿ ಕೊಡ್ರಿ, ಅಂದಳು.
ಆಗೂದಿಲ್ಲ ಬಾಯಿ, ಅಂದರು ಮ್ಯಾಡಂ,
ಈಗ ತಾಟು ಆಗದ. ಇಲಿ ಆಗಬೇಕು.
ಆಮ್ಯಾಲ ಕಾಗದ, ಪರವಾನಗಿ. ಆಮ್ಯಾಲ ಮನಶ್ಯಾರು.
ಅಂದ್ರ ಇಲಿ ಆದಮ್ಯಾಲ ನಾನು, ಅಂತ ಲಚ್ಚಮ್ಮ
ನನ್ನ ಚೀಲದಿಂದ ನಾಕು ಎಲಿ ತಗದು
ಬಾಯಾಗ ಅಗಿದು ಬೆರಳಿಗೆ ಮೆತ್ತಿ
ನೂಲಿನಿಂದ ಸುತ್ತಿಕೊಂಡು ಹೋದಳು.

ಐದು ದಿನಕ್ಕ ಮಾಯಿತು.
ಖರೆ, ಆಕಿ ಗಂಡನ ಸಕ್ಕರಿ ಕಾಲಿಗೂ ಇದೇ ಎಲಿ ಹಚ್ಚಿದ್ದಳು,
ಆ ವರ್ಷ ಎರಡು ಬೆರಳು ಉಳೀಲಿಲ್ಲ.
ಹಿಂಗಾಗಿ ನಾ ಲಚ್ಚಮ್ಮನ ಮುಂದ ಎಲಿಯನ್ನ ಹೊಗಳಂಗಿಲ್ಲ,
ಮ್ಯಾಡಂ ಮುಂದ ಹುಡಿಯನ್ನ.
ಇಲಿಗಳು ಮುಂದಿನ ತಿಂಗಳು ಬರತಾವಂತ.

ಬಿಸಿಲು ಏರೂದರೊಳಗ ಹಳಿಗೆ ಹೋಗತೀನಿ,
ಬೀಜಕ್ಕಂತ ತುದಿ ಬಿಟ್ಟು ಚಿವುಟತೀನಿ.
ಸಂಜಿಗೆ ಬೀಕರ. ತಳದ ಬಿಳೇ ಗೆರಿ
ಆಸಿಡ್ ಹಾಕಿದರ ಹೋಗತದ.
ಉಗುರಸಂದಿಯ ಹಸಿರಿಗೆ ಏನೂ ನಾಟಂಗಿಲ್ಲ.
ನಳದ ಕೆಳಗ ಎರಡೂ ಕೈ ಹಿಡಿದು
ತೊಳೆಯಲಾಯಿತು, ಅಂತೀನಿ,
ಸುಗಲಾಗ ಕೇಳೂ ಹಂಗ.