ಎರಡು ಮಿಲಿಮೀಟರ್

ಕೆರೂರಿನ ಬಸ್‌ಸ್ಟ್ಯಾಂಡಿನೆದುರು, ಗೊಬ್ಬರದಂಗಡಿಯ ಮೇಲೆ
ನನ್ನ ದವಾಖಾನೆ. ಹತ್ತೊಂಬತ್ತು ಮೆಟ್ಟಿಲು.
ಗೌಂಡಿ ಗದ್ದೆಪ್ಪ ಅಷ್ಟನ್ನೂ ಹತ್ತಿ ಬಂದು
ಕೂಡುವ ಮೊದಲು ಗೋಡೆಗೆ ಬೆರಳಗೆಣ್ಣಿಂದ ಬಡಿದು ನೋಡಿದ.
"ಇಲ್ಲೆ ಟೊಳ್ಳ ಐತ್ರಿ ಬಾಯಾರ, ಗಿಲಾವು ಬಿಟ್ಟೈತಿ."
ಆಮೇಲೆ ಬಾಯಿ ತೆರೆದ.

ಕೆಳದವಡೆ, ಬಲಕ್ಕೆ, ಮೊದಲ ದೊಡ್ಡ ಹಲ್ಲು.
ಕನ್ನಡಿಯ ಹಿಡಿಕೆಯಿಂದ ನಾನೂ ಬಡಿದೆ.
ಅಲ್ಲೂ ಅದೇ ಸದ್ದು.

"ಬೆಳ್ಳೀದು ತುಂಬ್ರಿ. ನಮ್ಮವ್ವಂದು ಸುಡಗಾಡದ ತನಕಾ ಬಂದಿತ್ತು."
ಬೆಳ್ಳಿ ಈಗ ತರಿಸುವುದಿಲ್ಲ, ಅಂದೆ.
ಇದು ರಾಳ, ಒಳಗೆ ಗಾಜಿನ ಹಿಟ್ಟು, ಬಣ್ಣ ನಿನ್ನ ಹಲ್ಲಿನದೇ.
"ಖಡಕ್ ರೊಟ್ಟಿ ತಡೀತೈತೇನ್ರಿ?"

ಕೆನ್ನೆಗೆ ಹತ್ತಿಯುಂಡೆ ಇಟ್ಟು ಮಾತು ಬಂದ್ ಮಾಡಿ
ಕೆಲಸದ ನಡುವೆ ನಾನೇ ಹೇಳುತ್ತ ಹೋದೆ:
ಒಂದೇ ಸಲ ತುಂಬಿದರೆ ಮೇಲಷ್ಟೇ ಗಟ್ಟಿ, ತಳ ಹಸಿ.
ಗಟ್ಟಿಯಾಗುತ್ತ ಇದು ಕುಗ್ಗುತ್ತದೆ, ಕುಗ್ಗುತ್ತ ಅಂಚನ್ನು ಎಳೆಯುತ್ತದೆ,
ಕೂದಲಿಗಿಂತ ಸಣ್ಣ ಸಂದು.
ಚಹಾಕ್ಕೆ ಅಷ್ಟು ಸಾಕು. ಬೆಲ್ಲಕ್ಕೆ ಸಾಕು. ಹುಳುಕಿಗಂತೂ
ಅದು ಅಗಸೆಬಾಗಿಲು.
ಅದಕ್ಕೇ ಎರಡೆರಡು ಮಿಲಿಮೀಟರ್, ಓರೆಯಾಗಿ,
ಒಂದೊಂದಕ್ಕೂ ನೀಲಿ ಬೆಳಕು, ಇಪ್ಪತ್ತು ಎಣಿಸುವವರೆಗೆ.

ಎರಡನೇ ಪದರಕ್ಕೆ ಕರೆಂಟು ಹೋಯಿತು.
ಕಂಪ್ರೆಸರ್ ಉಸಿರು ಬಿಟ್ಟು ಸುಮ್ಮನಾಯಿತು.
ರೆಹಮತ್‌ಬಿ ಮೊಬೈಲ್ ಬ್ಯಾಟರಿ ಎತ್ತಿದಳು. "ಬ್ಯಾಡ!" ಅಂತ ಚೀರಿದೆ,
ಯಾವ ಬೆಳಕು ಬಿದ್ದರೂ ಸೆಟೆದುಕೊಳ್ಳುವ ಜಾತಿ ಇದು.
ಕಿಟಕಿಯಿಂದ ಬಂದಷ್ಟರಲ್ಲೇ ಕೂರಿಸಿದೆ. ಚಾರ್ಜಿದ್ದ ನೀಲಿದೀಪ
ಕತ್ತಲ ಬಾಯೊಳಗೆ ಉರಿಯಿತು.
ಗದ್ದೆಪ್ಪ ತೊಡೆಯ ಮೇಲೆ ಬೆರಳು ಮಡಚಿ ಎಣಿಸುತ್ತಿದ್ದ.
ನನ್ನ ಲೆಕ್ಕ ಹದಿನೇಳಕ್ಕೆ ತಪ್ಪಿತು. ಅವನದು ತಪ್ಪಲಿಲ್ಲ.

ಹತ್ತಿ ತೆಗೆದದ್ದೇ ತಡ:
"ಮಣ್ಣಿನ ಗ್ವಾಡಿನೂ ಹಿಂಗರಿ. ದಿನಕ್ಕೊಂದ ವರಸಿ.
ಅವಸರಕ್ಕ ಎರಡ ಏರಿಸಿದ್ರ ಹೊಟ್ಟಿ ಬಿಡತೈತಿ.
ಆದ್ರ ನೀವು ಒಣಗಿಸ್ತೀರಿ, ನಾವು ನೀರ ಚಿಮುಕಿಸ್ತೀವಿ."

ಹೌದು, ಇಲ್ಲಿ ಒಂದು ಹನಿ ಜೊಲ್ಲು ಬಿದ್ದರೂ ಕೆಟ್ಟಿತು.
ಆದರೂ ಗಾಳಿ ತಾಗಿದ ಮೈ ಪೂರ್ತಿ ಗಟ್ಟಿಯಾಗದೆ
ಚೂರು ಅಂಟು ಉಳಿಸಿಕೊಂಡಿರುತ್ತದೆ,
ಮೇಲಿನ ಪದರ ಹಿಡಿಯುವುದು ಆ ಅಂಟನ್ನೇ, ಅಂದೆ.
"ಮತ್ತ! ಹಸಿ ಇದ್ದದ್ದs ಹಸೀನ ಹಿಡೀತೈತಿ."

ಎಷ್ಟು ವರ್ಷ? ಎಂಟು. ಹತ್ತು. ಬಾಯಿ ಸ್ವಚ್ಛ ಇಟ್ಟರೆ ಇನ್ನೂ ಒಂದಿಷ್ಟು.
ಅವ್ವನ ಬೆಳ್ಳಿಯನ್ನು ನೆನೆದನೋ ಏನೋ, ನಕ್ಕ.
"ನಾ ಕಟ್ಟಿದ ಮಾಳಗಿಗೂ ವರ್ಷಾ ಮಳಿಗಿಂತ ಮೊದಲ
ಮಣ್ಣ ಹಾಕಬೇಕ್ರಿ. ಯಾರ ಹಾಕ್ತಾರ?"

ನೀಲಿ ಕಾಗದ ಕಚ್ಚಿಸಿ, ಎತ್ತರವಿದ್ದ ಚುಕ್ಕೆ ಸವರಿ ಕಳಿಸಿದೆ.
ಅರ್ಧ ರೊಕ್ಕ ಕೊಟ್ಟ. ಉಳಿದದ್ದು ಗೋಡೆಯ ಲೆಕ್ಕಕ್ಕೆ.

ಗುರುವಾರ ಬಂದ, ಹಳೆಯ ಗಿಲಾವು ಕೆತ್ತಿದ,
ಒಂದು ಕೈ ಹಚ್ಚಿ ಹೋದವ ಎಂಟು ದಿನ ಪತ್ತೆಯಿಲ್ಲ.
ಕಾದು ಕಾದು ಫೋನ್ ಮಾಡಿದೆ. ಆ ಕಡೆ
ಕಟಂ ಕಟಂ ಅಂತ ಏನನ್ನೋ ಅಗಿಯುತ್ತ, ಬಲಗಡೆಯೇ ಇರಬೇಕು,
"ಒಣಗಲಿ ತಡೀರಿ ಬಾಯಾರ," ಅಂದ,
"ಇನ್ನಾ ಹಸಿ ಐತಿ."