ಕೆಳಕ್ಕೆ ಚಕ್ಕುಬಂದಿ

ಬಾದಾಮಿ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಪಕ್ಕ
ನನ್ನದೊಂದು ಟೇಬಲ್ಲು. ಇಪ್ಪತ್ತೆರಡು ವರ್ಷದಿಂದ
ಸತ್ತವರ ಹೆಸರಿನ ಮುಂದೆ ಮಯತ ಎಂದು ಕುಟ್ಟುತ್ತೇನೆ.
ಮೂರಕ್ಷರ. ಬೆರಳಿಗೆ ಭಾರ ಅನ್ನಿಸುವುದಿಲ್ಲ.

ಗುಳೇದಗುಡ್ಡದ ಬಸ್ಸಿಳಿದು ಬಂದಳು ಸಾವಂತ್ರೆವ್ವ,
ಕೈಯಲ್ಲಿ ನೂಲಿನ ಸೊಸೈಟಿಯ ಪಾಸ್‌ಬುಕ್ಕು.
ಕೊನೆಯ ಪುಟದಲ್ಲಿ ಸೋದರತ್ತೆ ತುಳಸವ್ವ ಬರೆಸಿದ ಒಂದೇ ಸಾಲು:
ಮಗ್ಗ ಸಾವಂತ್ರಿಗೆ, ಮನಿ ಪರಸುಗ.
ಹೆಬ್ಬೆಟ್ಟು. ಇಬ್ಬರು ಸಾಕ್ಷಿ:
ಒಬ್ಬ ಖಣದ ವ್ಯಾಪಾರಿ, ಒಬ್ಬ ನೂಲಿಗೆ ಬಣ್ಣ ಹಾಕುವವ.
ಹೆಬ್ಬೆಟ್ಟಿನ ನೀಲಿಯೂ ಅವನ ಕಡಾಯಿಯದೇ ಇರಬೇಕು.

"ಇದು ಮೃತ್ಯುಪತ್ರ" ಅಂದೆ.
"ಮೃತ್ಯು ಯಾಕ್ರಿ? ಬರಸಿದಾಗ ಛಲೋ ಇದ್ಲು,
ಅವತ್ತ ಎರಡು ಖಣ ಇಳಿಸಿದ್ಲು."
ಬೆಂಗಳೂರಿನ ನಮೂನೆ ಇದನ್ನೇ ಉಯಿಲು ಅನ್ನುತ್ತದೆ.
ಹೋದ ವರ್ಷ ಒಂದು ಮನೆಯವರಿಗೆ ನನ್ನ ಬೆರಳು ತಪ್ಪಿ
ಹುಯಿಲು ಎಂದು ಕುಟ್ಟಿತ್ತು. ತಿದ್ದಿ ಕೊಟ್ಟೆ;
ವಾರದೊಳಗೆ ಅವರೇ ಅದನ್ನು ಖರೆ ಮಾಡಿದರು.
"ಪ್ರೊಬೇಟ್ ಅಂದ್ರ?"
ಸತ್ತವರ ಮಾತು ಖರೆ ಎಂದು ಕೋರ್ಟು ಹೊಡೆಯುವ ಶಿಕ್ಕಾ.
"ಖರೇನ ಐತಲ್ರಿ" ಅಂದಳು, ಅಲ್ಲಿಗೆ ಅದು ಮುಗಿಯಿತು.

ಅವಳ ತಕರಾರು ಬೇರೆ.
ತಮ್ಮ ಅಂದನಂತೆ: ನಿನ್ನ ಕಟ್ಟಗಿ ನೀ ಒಯ್ಯಿ,
ತೆಗ್ಗು ಮುಚ್ಚಿ ಫರ್ಶಿ ಹಾಕಿ ಮೊಬೈಲ್ ಅಂಗಡಿ ಇಡತೀನಿ.
ಕುಣಿಮಗ್ಗ ನೋಡಿದವರಿಗೆ ಗೊತ್ತು,
ನೇಯುವವಳ ಅರ್ಧ ಮೈ ನೆಲದೊಳಗೆ.
ಕಾನೂನಿಗೆ ಎತ್ತಿ ಒಯ್ಯುವಂಥದ್ದು ಚರ,
ನೆಲಕ್ಕೆ ಅಂಟಿದ್ದು ಸ್ಥಿರ.
ಲಾಳಿ ಚರ. ಹಣಿಗೆ ಚರ. ತುಳಿಯುವ ಹಲಗೆಯೂ ಚರ.
ತೆಗ್ಗು ಸ್ಥಿರ.
ಹಾಗಾದರೆ ತುಳಸವ್ವ ನಲವತ್ತು ವರ್ಷ
ಕೈಗಳನ್ನು ಒಂದು ಕಲಮಿನಲ್ಲಿ,
ಕಾಲುಗಳನ್ನು ಇನ್ನೊಂದು ಕಲಮಿನಲ್ಲಿ ಇಟ್ಟು ನೇಯ್ದಳು.

"ತೆಗ್ಗಿಲ್ಲದ ಮಗ್ಗ ಅಂದ್ರ ಒಲಿಗೆ ಹಾಕೂ ಕಟ್ಟಗಿರಿ."

ಅಷ್ಟರಲ್ಲಿ ಪರಸು ಬಂದ, ಬೈಕಿನ ಕೀಲಿ ಬೆರಳಲ್ಲಿ ತಿರುಗಿಸುತ್ತ.
ಅಕ್ಕನಿಂದ ಹಕ್ಕು ಬಿಡುಗಡೆ ಪತ್ರ ಬರೆಸಬೇಕಂತೆ.
"ಬಿಡುಗಡಿ ಜೇಲಿನಿಂದ ಆಗೂದಲ್ಲೇನ್ರಿ?
ಹಕ್ಕಿನಿಂದನೂ ಆಗತೈತೇನು?"
ಆ ಪದವನ್ನು ಎಷ್ಟು ಸಲ ಕುಟ್ಟಿದ್ದೇನೋ,
ಹೆಚ್ಚಾಗಿ ಅಕ್ಕತಂಗಿಯರ ಹೆಸರಿಗೆ,
ಅರಿಷಿಣ ಕುಂಕುಮಕ್ಕೆಂದು ಐದು ಸಾವಿರ ಕಾಣಿಸಿ.
ಒಮ್ಮೆಯೂ ಹೀಗೆ ಓದಿರಲಿಲ್ಲ.

ಸುಮ್ಮನೆ ಕೂರಲಾರದೆ ಷೆಡ್ಯೂಲು ತೆಗೆದೆ. ಚಕ್ಕುಬಂದಿ.
ಪೂರ್ವಕ್ಕೆ ರಸ್ತೆ. ಪಶ್ಚಿಮಕ್ಕೆ ಗಂಗಾಧರಸಾ ಅವರ ಗೋಡೆ.
ಉತ್ತರಕ್ಕೆ ಗಟಾರ. ದಕ್ಷಿಣಕ್ಕೆ ಸಾರ್ವಜನಿಕ ಬೋಳು.
"ಕೆಳಕ್ಕ?" ಅಂದಳು.
ನಮೂನೆಯಲ್ಲಿ ಅದಕ್ಕೆ ಮನೆಯಿಲ್ಲ.
"ಕೆಳಕ್ಕ ಮೂರು ಫೂಟು ಅತ್ತಿ ಅದಾಳ. ಬರೀರಿ."

ಕೀಲಿ ತಿರುಗುವುದು ನಿಂತಿತು.
"ಹತ್ತು ಬುಟ್ಟಿ ಮುರಮ್ ಹಾಕಿದ್ರ ಮುಚ್ಚತೈತಿ" ಅಂದ ಪರಸು,
ಯಾರೂ ಕೇಳಿರಲಿಲ್ಲ. ಆಮೇಲೆ, ಟೇಬಲ್ಲಿನ ಕಾಲಿಗೆ ಹೇಳಿದಂತೆ:
"ಬ್ಯಾಸಗ್ಯಾಗ ಅದರಾಗ ಮಕ್ಕೊಂತಿದ್ದೆ. ತಂಪ ಇರತಿತ್ತು.
ನಿದ್ದ್ಯಾಗ ಅಕಿ ಹಿಮ್ಮಡ ಬಡೀತಿತ್ತು."

ಸ್ಟ್ಯಾಂಪ್ ಪೇಪರು ಹಾಗೇ ಉಳಿಯಿತು.
ಅವಳು ಮೂರೂವರೆಯ ಬಸ್ಸು ಹತ್ತಿದಳು. ಅವನು ಬೈಕಿನ ಮೇಲೆ,
ಬಸ್ಸನ್ನು ದಾಟದೆ.

ನಾನು ಐದನೆಯ ಸಾಲು ಸೇರಿಸಿದೆ. ಕೆಳಕ್ಕೆ:
ಸಬ್ ರಜಿಸ್ಟ್ರಾರ್ ಸಾಹೇಬರು ಒಪ್ಪುವುದಿಲ್ಲ, ಗೊತ್ತು.
ಮುಂದೇನು ಕುಟ್ಟಲಿ ಎಂದು ಕೈ ತಡೆದಿತ್ತು;
ಟೇಬಲ್ಲಿನಡಿ ನನ್ನ ಕಾಲು
ತಮ್ಮಷ್ಟಕ್ಕೆ ಚಪ್ಪಲಿ ಬಿಟ್ಟು ನೆಲ ಮುಟ್ಟಿದ್ದವು.