ಕೆಟ್ಟುಹೋದ ಟ್ಯೂಬ್‌ಲೈಟು

ಹಾಸನದಾಚೆ, ದುದ್ದ ರಸ್ತೆಯಲ್ಲಿ
ಮನೆ ಅಷ್ಟು ಅಗ್ಗಕ್ಕೆ ಯಾಕೆ ಸಿಕ್ಕಿತೆಂದು
ತಲೆಯೆತ್ತಿದ್ದರೆ ಯಾರಿಗೂ ತಿಳಿಯುತ್ತಿತ್ತು.
ನಾವು ಗೋಡೆ ತಟ್ಟಿ ನೋಡಿದೆವು, ಬಾಗಿಲ ದಿಕ್ಕು ನೋಡಿದೆವು,
ನಲ್ಲಿ ನೀರು ವಾರಕ್ಕೆ ಎಷ್ಟು ದಿನ ಎಂದು ಕೇಳಿದೆವು.

ಟವರಿನ ಕಾಲಿಗೆ ಯಾರೋ ಅವರೆ ಬಳ್ಳಿ ಹಬ್ಬಿಸಿದ್ದರು.
ಮಂಜು ಬಿದ್ದ ಬೆಳಗ್ಗೆ ತಂತಿ
ಒಲೆ ಮೇಲೆ ಮರೆತ ಎಸರಿನ ಹಾಗೆ ಸದ್ದು ಮಾಡುತ್ತಿತ್ತು.
"ಅದು ಏನು ಹೇಳ್ತದೆ?" ಅಂದಳು ಇಂಚರ.
"ಲೆಕ್ಕ ಹೇಳ್ತದೆ" ಅಂದೆ.
ಎಪಿಎಂಸಿಯಲ್ಲಿ ಆಲೂಗಡ್ಡೆ ತೂಗುವವನು ನಾನು,
ಬೇರೆ ಮಾತು ಬರುವುದಿಲ್ಲ.

ಒಂದು ರಾತ್ರಿ ಊರಿಗೆಲ್ಲ ಕರೆಂಟು ಹೋಗಿತ್ತು,
ತಂತಿಗೆ ಹೋಗಿರಲಿಲ್ಲ.
ಕೆಟ್ಟುಹೋದ ಟ್ಯೂಬ್‌ಲೈಟು ತಂದು
ಅದರ ಕೆಳಗೆ ಅವಳ ಕೈಗೆ ಕೊಟ್ಟೆ.
ನೆಟ್ಟಗೆ ಹಿಡಿ, ಅಂದೆ.
ಮಿಣುಕಿತು.
ನೀರು ಬೆರೆಸಿದ ಹಾಲಿನಂಥ ಬೆಳಕು.
ಮುಂಗೈ, ಗಲ್ಲ, ಬಿದ್ದ ಹಲ್ಲಿನ ಕಿಂಡಿ ಎಲ್ಲ ಕಂಡವು.
ನಾನು ಚಪ್ಪಾಳೆ ತಟ್ಟಿದೆ.

ಆ ಚಪ್ಪಾಳೆ ಈಗ
ಬೆಂಗಳೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ
ನನ್ನ ಹಿಂದೆಯೇ ಬರುತ್ತದೆ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ.
ಅವಳ ಮಂಚದಿಂದ ಟವರಿಗೆ ಟೇಪು ಹಿಡಿದು ಅಳೆದ
ಚೀಟಿ ತೋರಿಸಿದೆ: ನಲವತ್ತೊಂದು ಮೀಟರು.
ಓದಿದರು, ನಗಲಿಲ್ಲ.
"ಇರಬಹುದು ಅಂತ ಕೆಲವು ಲೆಕ್ಕ, ಇಲ್ಲ ಅಂತ ಕೆಲವು.
ಇದ್ದರೂ ಬಹಳ ಸಣ್ಣದು. ನಿಮ್ಮ ಮಗಳ ರಕ್ತಕ್ಕೆ
ಇದರಿಂದಲೇ ಬಂತು ಅಂತ ಯಾರೂ ಹೇಳಲಾರರು.
ಟ್ಯೂಬ್‌ಲೈಟಿನಿಂದಂತೂ ಅಲ್ಲ."

ಅಲ್ಲ ಎನ್ನುವುದನ್ನು ಒಂದು ತಟ್ಟೆಗೆ ಹಾಕಿದೆ.
ಇನ್ನೊಂದರಲ್ಲಿ ಏನೂ ಇರಲಿಲ್ಲ,
ಆದರೂ ಮುಳ್ಳು ಸರಿಯಲಿಲ್ಲ.

ವಾರವಾರ ತೂಕ ನೋಡುತ್ತಾರೆ.
ಹದಿನಾರು ಕೆಜಿ ಇನ್ನೂರು ಗ್ರಾಂ.
ಐವತ್ತು ಕೆಜಿಯ ಮೂಟೆಗಳನ್ನು ದಿನಕ್ಕೆ ನೂರು ಎತ್ತಿದ ಕೈ
ಅವಳನ್ನು ಕಾಟಾ ಮೇಲೆ ಇಳಿಸುವಾಗ ನಡುಗುತ್ತದೆ.
ಬಾಟಲಿಯ ಹನಿ ಎಣಿಸುವ ಮಿಷನ್ನು
ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದೆ.
ಆ ಕರೆಂಟೂ ಎಲ್ಲೋ
ಯಾರದೋ ಮನೆ ಮೇಲೆ ಹಾದು ಬಂದದ್ದು.

ಮನೆ ಮಾರೋಣ ಅನ್ನುತ್ತಾಳೆ ವಸುಮತಿ.
ಮೊನ್ನೆ ಒಬ್ಬರು ಬಂದಿದ್ದರು,
ಸೊಂಟದ ಮೇಲೆ ಮಗು.
ಗೋಡೆ ತಟ್ಟಿ ನೋಡಿದರು, ಬಾಗಿಲ ದಿಕ್ಕು ನೋಡಿದರು.
ನೀರು ವಾರಕ್ಕೆ ಎಷ್ಟು ದಿನ, ಅಂದರು.

ಮೇಲೆ ನೋಡಿ, ಅನ್ನಲು ಬಾಯಿ ತೆರೆದೆ.

ಎರಡು ದಿನ, ಅಂದೆ.